ಅಪ್‌ಡೇಟ್: ಚರ್ಚ್ ತಂಡದ ಜೊತೆ ಕೊಡಗಿಗೆ ಹೋಗಿ ಬಂದೆ

2018ರ ಆಗಸ್ಟ್ ಭೂಕುಸಿತದ ನಂತರ ನಮ್ಮ ಚರ್ಚಿನ ಯುವಕರ ಜೊತೆ ಸೇವೆಗೆ ಹೋಗಲೇ, ಹಣ ಕಳಿಸಿದರೆ ಸಾಕೇ ಅಂತ ಕೇಳಿದ್ದೆ. ಹೋದೆ.

ಸಿಟ್ಟು ಬಂದಿದ್ದು ಪರಿಹಾರ ಕ್ಯಾಂಪಿಗೆ ಜನ ಕಳಿಸಿದ್ದ ಬಟ್ಟೆ ರಾಶಿ ನೋಡಿ. ಹರಿದ ಸೀರೆ, ಗುಂಡಿ ಕಿತ್ತ ಶರ್ಟು ಮೂಟೆಗಟ್ಟಲೆ ಬಂದಿದ್ದವು. ಬೇಕಿದ್ದ ಒಳಉಡುಪು, ಸ್ಯಾನಿಟರಿ ಪ್ಯಾಡ್, ಟಾರ್ಚ್ ಮಾತ್ರ ಇಲ್ಲ. ಕಿಟ್ ಕೊಡುವಾಗ ಫೋಟೊ ತೆಗೆಯುವುದೂ ಸರಿ ಕಾಣಲಿಲ್ಲ. ಫಾದರ್‌ಗೆ ಹೇಳಿದ ಮೇಲೆ ಅದು ನಿಂತಿತು.

ಮಕ್ಕಂದೂರು ಕಡೆ ಒಂದು ಮನೆಯ ಕೆಸರು ಎತ್ತಿದೆವು. ಒಲೆ ಹತ್ತಿರ ಮಣ್ಣಿನಡಿ ಕಡಂಬುಟ್ಟು (ಕೊಡಗಿನ ಅಕ್ಕಿ ಕಡುಬು) ಬೇಯಿಸುವ ಪಾತ್ರೆ ಸಿಕ್ಕಿತು. ಅಜ್ಜಿ ಅದನ್ನು ಸೆರಗಲ್ಲಿ ಒರೆಸುತ್ತಲೇ, "ನಿಮ್ಮ ಊಟ ಆಯ್ತಾ ಮಕ್ಕಳೇ?" ಅಂದರು. ದಣಿವೆಲ್ಲ ಅಲ್ಲೇ ಇಳಿದುಹೋಯಿತು.

ಇಂಥ ಸೇವೆಗೆ ಹೋಗುವವರು ಮೊದಲು ಕ್ಯಾಂಪಿಗೆ ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಹಣ ಕಳಿಸುವವರೂ ಬೇಕು, ನಾವು ಹೋದಾಗ ಮನೆ ಕಟ್ಟುವ ಕೆಲಸ ಇನ್ನೂ ಬಾಕಿ ಇತ್ತು.