ಮಳೆಗಾಲದ ಬ್ಯಾಟರಿ ಚಾರ್ಜಿಂಗ್: ಮುಚ್ಚಿದ ಕೋಣೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ)

ನಮಸ್ಕಾರ. ನಮ್ಮ ಮಷೀನ್ ಶಾಪಿನಲ್ಲಿ 48 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯ ಫೋರ್ಕ್‌ಲಿಫ್ಟ್ ಇದ್ದು, ಅದನ್ನು ರಾತ್ರಿಯಿಡೀ ಮೂಲೆಯ ಕೋಣೆಯಲ್ಲಿ ಚಾರ್ಜಿಗೆ ಹಾಕುತ್ತೇವೆ. ಮಳೆಯ ಎರಚಲು ಒಳಬರುವುದೆಂದು ಜೂನ್‌ನಿಂದ ಕಿಟಕಿಗಳಿಗೆ ತಾಡಪತ್ರಿ ಕಟ್ಟಿದ್ದೇವೆ. ಒಂದು ವಾರದಿಂದ ಬೆಳಿಗ್ಗೆ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಟ್ರೇಯಲ್ಲಿ ಆಸಿಡ್ ಕೂಡ ಚೆಲ್ಲಿರುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕೇ?

ಉತ್ತರ 1 (ವಿದ್ಯುತ್ ನಿರ್ವಹಣೆ, ಬಾಗಲಕೋಟೆ)

ಫ್ಯಾನಿನ ಮಾತು ಆಮೇಲೆ ಆಡೋಣ, ಮೊದಲು ಆ ತಾಡಪತ್ರಿ ಬಿಚ್ಚಿಸಿ. ಚಾರ್ಜ್ ಮುಗಿಯುವ ಹೊತ್ತಿಗೆ, ಅಂದರೆ ಸೆಲ್ಲಿಗೆ ಸುಮಾರು 2.4 ವೋಲ್ಟ್ ದಾಟಿದ ಮೇಲೆ, ನೀರು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಹೊರಬೀಳುತ್ತವೆ. ಹೈಡ್ರೋಜನ್ನಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿಗಿಂತ ಬಹಳ ಹಗುರವಾದ್ದರಿಂದ ಅದು ಮೇಲಿನ ತಗಡಿನ ಕೆಳಗೆ ಸೇರಿಕೊಳ್ಳುತ್ತದೆ, ಮತ್ತು ಗಾಳಿಯಲ್ಲಿ ಶೇ. 4 ಮುಟ್ಟಿದರೆ ಒಂದು ಕಿಡಿಗೆ ಸಿಡಿಯಬಹುದು. ಆದ್ದರಿಂದ ಗಾಳಿ ಒಳಬರುವ ಕಿಂಡಿ ಕೆಳಗೂ ಹೊರಹೋಗುವ ಕಿಂಡಿ ಚಾವಣಿಗೆ ಹತ್ತಿರವೂ ಇರಬೇಕು; ಮಳೆ ತಡೆಯಲು ಕಿಟಕಿಗೆ ಹೊರಗಿನಿಂದ ತಗಡಿನ ಇಳಿಜಾರು ಕೊಟ್ಟರೆ ಆಯಿತು. ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನ ಮೋಟಾರು ಸ್ವತಃ ಕಿಡಿ ಹಾರಿಸಬಲ್ಲದು. ಹಾಕಿಸುವುದಾದರೆ ಕಿಡಿರಹಿತ ಬಗೆಯದನ್ನೇ ಹಾಕಿಸಿ.

ಇನ್ನು ನಿಮಗೆ ಬಂದ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಅದು ವಿಷಗಾಳಿಯಾದ್ದರಿಂದ ಬಾಗಿಲು ತೆರೆದು ಸಾಕಷ್ಟು ಗಾಳಿಯಾಡಿದ ಮೇಲೆಯೇ ಒಳಗೆ ಹೋಗಿ. ಅತಿಯಾಗಿ ಚಾರ್ಜ್ ಆಗುತ್ತಿರುವ ಅಥವಾ ಕೆಟ್ಟ ಸೆಲ್ ಇರುವ ಲಕ್ಷಣವದು. 24 ಸೆಲ್ಲುಗಳನ್ನೂ ಹೈಡ್ರೋಮೀಟರಿನಿಂದ (ಆಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ) ಒಂದೊಂದಾಗಿ ನೋಡಿ. ಪೂರ್ತಿ ಚಾರ್ಜ್ ಆದ ಸೆಲ್ ಸಾಮಾನ್ಯವಾಗಿ 1.28ರ ಆಸುಪಾಸು ತೋರಿಸಬೇಕು. ಆಸಿಡ್ ಚೆಲ್ಲುತ್ತಿದೆಯೆಂದರೆ ಡಿಸ್ಟಿಲ್ಡ್ ನೀರನ್ನು ಚಾರ್ಜಿಗೆ ಮುಂಚೆಯೇ ತುಂಬುತ್ತಿರಬಹುದು. ಚಾರ್ಜ್ ಆಗುವಾಗ ದ್ರವ ಹಿಗ್ಗುತ್ತದೆ. ಪ್ಲೇಟು ಮುಳುಗುವಷ್ಟು ನೀರಿದ್ದರೆ ಉಳಿದದ್ದನ್ನು ಚಾರ್ಜ್ ಮುಗಿದ ಮೇಲೆ ಹಾಕಿ.

ಉತ್ತರ 2 (ವಿಜಯಪುರ)

ಸರ್, ಒಂದು ಮಾತು ಸೇರಿಸುತ್ತೇನೆ. ಚಾರ್ಜರ್ ಬಂದ್ ಮಾಡದೆ ಕ್ಲಿಪ್ ಕೀಳುವ ಅಭ್ಯಾಸ ಬಹಳ ಜನರಿಗಿದೆ, ಕಿಡಿ ಹುಟ್ಟುವುದೇ ಅಲ್ಲಿ. ಹಿಂದೊಮ್ಮೆ ನನ್ನ ಕೈಯಿಂದ ಪಾನಾ ಜಾರಿ ಎರಡು ಟರ್ಮಿನಲ್‌ಗಳ ಮೇಲೆ ಬಿದ್ದು ಬೆಸೆದುಕೊಂಡಿತು. ಅಂದಿನಿಂದ ಉಂಗುರ, ಗಡಿಯಾರ ತೆಗೆದಿಟ್ಟು, ಇನ್ಸುಲೇಷನ್ ಇರುವ ಪಾನಾ ಹಿಡಿದೇ ಹತ್ತಿರ ಹೋಗುತ್ತೇನೆ. ಚೆಲ್ಲಿದ ಆಸಿಡ್ಡಿಗೆ ಅಡುಗೆ ಸೋಡಾ ಸರಿ. ಕಣ್ಣಿಗೆ ಮಾತ್ರ ಸೋಡಾ ಹಾಕಬೇಡಿ. ಕನಿಷ್ಠ 15 ನಿಮಿಷ ಬರಿ ನೀರು ಹಾಯಿಸಿ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ ಕೇಳಿದವರು

ತಾಡಪತ್ರಿ ಬಿಚ್ಚಿಸಿ, ಗಾಳಿಯಾಡಿದ ಮೇಲೆ ಅಳೆದೆವು. 17ನೆಯ ಸೆಲ್ 1.15 ತೋರಿಸಿತು, ಉಳಿದವು 1.27ರ ಸುತ್ತಮುತ್ತ ಇವೆ. ನೀರಿನ ವಿಷಯದಲ್ಲೂ ನೀವು ಊಹಿಸಿದ್ದೇ ನಿಜ. ಹುಡುಗ ಸಂಜೆಯೇ ತುಂಬುತ್ತಿದ್ದ.

ಉತ್ತರ 1

ಹಾಗಾದರೆ ಆ ಸೆಲ್ ಬದಲಾಗುವವರೆಗೆ ಚಾರ್ಜಿಗೆ ಹಾಕಬೇಡಿ. ಅದಕ್ಕೆ ಆಸಿಡ್ ಸುರಿದು ಅಂಕಿ ಏರಿಸುವ ಸಾಹಸವೂ ಬೇಡ. ಬದಲಿಸುವ ಕೆಲಸವನ್ನು ಬ್ಯಾಟರಿ ಕೊಟ್ಟವರಿಂದಲೇ ಮಾಡಿಸಿ. ತೆಗೆದ ಸೆಲ್ ಮೋಡಕಾದವನ ಪಾಲಾಗದಿರಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕು.