ಸಾವನದುರ್ಗದ ಬುಡದ 2 ಎಕರೆ: ಮಾರಲೋ, ಇಟ್ಟುಕೊಳ್ಳಲೋ? ಅನುಭವ ಇದ್ದವರು ಹೇಳಿ

ವಿಜಯನಗರದವನು:
ಮಾಗಡಿ ಕಡೆಯ ಸಾವನದುರ್ಗ ಬೆಟ್ಟದ ಹತ್ತಿರ ಅಜ್ಜನ ಕಾಲದ 2 ಎಕರೆ 10 ಗುಂಟೆ ಇದೆ. ಹೊಲದಲ್ಲಿ ನಿಂತರೆ ಕೋಟೆ ಗೋಡೆ ಕಾಣುತ್ತದೆ. ಫಾರ್ಮ್‌ಹೌಸ್ ಲೇಔಟ್‌ನವರು ದಿನಾ ಫೋನ್ ಮಾಡುತ್ತಾರೆ. ಅಣ್ಣ ಕೊಟ್ಟುಬಿಡೋಣ ಅಂತಾನೆ, ನನಗೆ ಮನಸ್ಸಿಲ್ಲ. ಕೋಟೆ ಬುಡದ ಜಮೀನು ಮಾರಿದವರು, ಉಳಿಸಿಕೊಂಡವರು ಇದ್ದರೆ ಹೇಳಿ.

ಘಾಟಿ ರಸ್ತೆ:
ಮಾರಬೇಡಿ. ಮಾಕಳಿದುರ್ಗದ ಕೆಳಗಿನ 1 ಎಕರೆ 30 ಗುಂಟೆ ನಾನು 2017ರಲ್ಲಿ ಮಾರಿದೆ. 48 ಲಕ್ಷಕ್ಕೆ ಮಾತಾಯಿತು. ಬ್ರೋಕರ್‌ಗೆ 96 ಸಾವಿರ. ಪೋಡಿ (ಜಮೀನಿನ ಪಾಲನ್ನು ದಾಖಲೆಯಲ್ಲಿ ಬೇರೆ ಮಾಡಿಸುವುದು), ಸರ್ವೆ, ಓಡಾಟಕ್ಕೆ 1 ಲಕ್ಷ 15 ಸಾವಿರ. ಎಲ್ಲರ ಪಾಲು ಹೋಗಿ ನನ್ನ ಕೈಗೆ ಬಂದಿದ್ದು 14 ಲಕ್ಷ. ಅದರಲ್ಲೂ 3 ಲಕ್ಷದ ಚೆಕ್ ಬೌನ್ಸ್. ಎರಡೂವರೆ ವರ್ಷ ಅಲೆದೆ.

ದುಡ್ಡು ಹೋಗಲಿ. ನಮ್ಮಪ್ಪ ಬುತ್ತಿ ಬಿಚ್ಚುತ್ತಿದ್ದ ಬಂಡೆ ಒಂದಿತ್ತು. ಅದಕ್ಕೆ 11 ಗುಳಿ ಕೊರೆದು ಸೀಳಿದರು. ಆ ಚೂರುಗಳಲ್ಲೇ ಕಾಂಪೌಂಡ್ ಕಟ್ಟಿದ್ದಾರೆ. ಗೇಟಿನ ಪಕ್ಕದ ಕಲ್ಲಿನಲ್ಲಿ ಅರ್ಧ ಗುಳಿ ಇನ್ನೂ ಕಾಣುತ್ತದೆ. ಈಗ ರೈಲಿನಲ್ಲಿ ಹೋದರೆ ನಾನು ಆ ಕಡೆ ತಿರುಗುವುದಿಲ್ಲ.

ಹೊಂಗೆ ನೆರಳು:
ನಾನು ಉಳಿಸಿಕೊಂಡೆ, ಅದರ ಹೆಮ್ಮೆ ಇದೆ. ಹುತ್ರಿದುರ್ಗದ ಕೆಳಗೆ 3 ಎಕರೆ. ಮೊದಲ ಬೋರ್ 780 ಅಡಿ, ಬರೀ ಧೂಳು. ಎರಡನೆಯದು 1,050 ಅಡಿ, ಒಂದಿಂಚು ನೀರು, ನಾಲ್ಕೇ ತಿಂಗಳು. ಎರಡಕ್ಕೂ ಸೇರಿ 2 ಲಕ್ಷ 85 ಸಾವಿರ. ಆಮೇಲೆ ಟ್ಯಾಂಕರ್, ಒಂದಕ್ಕೆ 700 ರೂಪಾಯಿ. ಹೊಂಗೆ, ಬೇವು, ನೇರಳೆ ಸೇರಿ 600 ಸಸಿ ನೆಟ್ಟೆ. 2019ರ ಫೆಬ್ರವರಿಯಲ್ಲಿ ಬೆಟ್ಟದ ಕಡೆಯಿಂದ ಬೆಂಕಿ ಇಳಿದು ಒಂದೇ ಮಧ್ಯಾಹ್ನ 410 ಸುಟ್ಟಿತು. ಉಳಿದ 190 ಈಗ ನನಗಿಂತ ಎತ್ತರ ಇವೆ.

ಭಾನುವಾರದ ಕತ್ತಿ:
ಅಲ್ಲಿ ಮರ ನೆಟ್ಟಿದ್ದೇ ತಪ್ಪು. ಹಳದಿ ಕೊರಳಿನ ಪಿಕಳಾರ ಬಂಡೆ, ಕುರುಚಲು ಇರುವ ಕಡೆ ಬದುಕುವ ಹಕ್ಕಿ. ಸಾವನದುರ್ಗದಲ್ಲಿದೆ, ನಂದಿಯಲ್ಲಿದೆ. ಕುರುಚಲನ್ನು ಖಾಲಿ ಜಾಗ ಅಂದುಕೊಂಡರೆ ಅದು ಎಲ್ಲಿಗೆ ಹೋಗಬೇಕು?

ಆರು ವರ್ಷದಿಂದ ಅನುಮತಿ ತಗೊಂಡು ಕೋಟೆ ಗೋಡೆಗಳ ಗಿಡ ತೆಗೆಯುತ್ತಿದ್ದೇವೆ. ಮೊದಲ ವರ್ಷ ಹುಮ್ಮಸ್ಸಿನಲ್ಲಿ ಒಂದು ಅರಳಿ ಬೇರು ಎಳೆದೆ. ನಾಲ್ಕು ಅಡಿ ಗೋಡೆ ಅದರ ಜೊತೆಗೇ ಬಂತು. ಇವತ್ತಿಗೂ ಸಂಕಟ. ಬೇರು ಕೀಳಬಾರದು, ಬುಡಕ್ಕೆ ಕತ್ತರಿಸಬೇಕು.

ಕಾನೂನು ಕಾಯುತ್ತದೆ ಅಂತ ನಂಬಬೇಡಿ. ಕೇಂದ್ರದ ರಕ್ಷಿತ ಸ್ಮಾರಕವಾದರೆ 100 ಮೀಟರ್ ಒಳಗೆ ಕಟ್ಟಡ ನಿಷೇಧ, ಮುಂದಿನ 200 ಮೀಟರ್ ನಿಯಂತ್ರಣ, ಅಷ್ಟೇ. ಸಾವನದುರ್ಗದ ಸುತ್ತ ದಟ್ಟ ಬಿದಿರು ಕಾಡಿತ್ತು. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೇನೆ ಫಿರಂಗಿ ಎಳೆಯಲು ಅದನ್ನು ಕಡಿದು ದಾರಿ ಮಾಡಬೇಕಾಯಿತು. ಡಿಸೆಂಬರ್ 21ಕ್ಕೆ ಕೋಟೆ ಬಿತ್ತು. ಗೋಡೆಗಿಂತ ಮೊದಲು ಆ ಕಾಡೇ ಕೋಟೆ.

ಹೊಂಗೆ ನೆರಳು:
ಕಾಡೇ ಕೋಟೆ ಅಂತೀರಿ, ಮರ ನೆಡಬೇಡಿ ಅಂತೀರಿ. ಯಾವುದಾದರೂ ಒಂದು ಹೇಳಿ. ನಾನು ಬೆಂಕಿ ಆರಿಸುತ್ತಾ ಕೈ ಸುಟ್ಟುಕೊಂಡವನು. ವಾರಕ್ಕೊಂದು ದಿನ ಬಂದು ಹೋಗುವವರಿಂದ ಪಾಠ ಬೇಡ.

ಭಾನುವಾರದ ಕತ್ತಿ:
ಬಂಡೆ ಇಳಿಜಾರು ಬೇರೆ, ಕೆಳಗಿನ ಬಯಲು ಬೇರೆ. ಓದಿ ಮಾತಾಡಿ.

ಮಾಗಡಿ ಮಣ್ಣು:
ಹಕ್ಕಿ, ಮರ ಅಂತ ಜಗಳ ಆಡುತ್ತೀರಿ, ನೀರಿನ ಮಾತೇ ಇಲ್ಲ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. 1933ರಿಂದ ಆ ಹೊಳೆಯ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಬೆಂಗಳೂರಿಗೆ ಹೋಯಿತು. ಬೆಟ್ಟದ ಬುಡಕ್ಕೆಲ್ಲ ಕಾಂಕ್ರೀಟ್ ಹಾಕಿ ಈಗ ಹೊಳೆ ಬತ್ತಿದೆ ಅಂದರೆ ಹೇಗೆ? ಇನ್ನೊಂದು, ಸಾವನದುರ್ಗ ಟಿಪ್ಪು ಕೋಟೆ ಅಲ್ಲ, ನಮ್ಮ ಮಾಗಡಿ ಕೆಂಪೇಗೌಡರದು.

ಭಾನುವಾರದ ಕತ್ತಿ:
ಟಿಪ್ಪು ಕೋಟೆ ಅಂತ ನಾನೆಲ್ಲಿ ಬರೆದೆ? 1728ರಲ್ಲಿ ಮೈಸೂರಿನವರು ಮಾಗಡಿ ಗೌಡರಿಂದ ಗೆದ್ದರು. 1791ರಲ್ಲಿ ಟಿಪ್ಪು ಕೈಯಲ್ಲಿತ್ತು. ಎರಡೂ ನಿಜ.

ಮಾಗಡಿ ಮಣ್ಣು:
ಗೆದ್ದವರ ಹೆಸರು ಗೊತ್ತು, ಕೆಂಪೇಗೌಡರ ಹೆಸರು ಮಾತ್ರ ನಿಮ್ಮ ಬಾಯಲ್ಲಿ ಬರಲಿಲ್ಲ. ಬೇಜಾರು ಅದಕ್ಕೆ.

ಘಾಟಿ ರಸ್ತೆ:
ಅವರು ಕೇಳಿದ್ದು ಜಮೀನಿನ ವಿಷಯ ಅಲ್ವಾ? ಅಣ್ಣನ ಹತ್ತಿರ ನನ್ನ ಚೆಕ್ ಕಥೆ ಹೇಳಿ.

ಹೊಂಗೆ ನೆರಳು:
ಉಳಿಸಿಕೊಂಡರೆ ಸಂಕ್ರಾಂತಿ ಕಳೆದ ಕೂಡಲೇ ಸುತ್ತ 12 ಅಡಿ ಬೆಂಕಿ ಗೆರೆ ಕೆರೆಸಿ, ಒಣಹುಲ್ಲು ಒಂದೆಳೆ ಉಳಿಯಬಾರದು. ಕೂಲಿ ಉಳಿಸಲು ನಾನು 6 ಅಡಿ ಮಾಡಿಸಿದ್ದೆ. ಬೆಂಕಿ ಹಾರಿ ಬಂತು.