ದ್ವಿಮುಖ ಆವೃತ್ತಿ ಕೋಷ್ಟಕದಿಂದ ಷರತ್ತುಬದ್ಧ ಸಂಭವನೀಯತೆ: ‘ಯಾರ ಪೈಕಿ?’ ಎಂಬುದನ್ನು ಮನಗಾಣಿಸುವುದು ಹೇಗೆ?

ಪ್ರಶ್ನೆ: ಗಣಿತ ಉಪನ್ಯಾಸಕಿ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿಯ ಸಂಭವನೀಯತೆ ಅಧ್ಯಾಯವನ್ನು ಈ ವರ್ಷ ಸೂತ್ರದಿಂದ ಆರಂಭಿಸದೆ ಎಣಿಕೆಯಿಂದ ಆರಂಭಿಸಿದೆ. ನನ್ನ ಎರಡು ವಿಭಾಗಗಳಲ್ಲಿ ಬಸ್ಸಿನಲ್ಲಿ ಅಥವಾ ಮೆಟ್ರೋದಲ್ಲಿ ಬರುವ ವಿದ್ಯಾರ್ಥಿಗಳು 80 ಮಂದಿ. ಒಂದು ಸೋಮವಾರ ಅವರಲ್ಲಿ ಯಾರು ಹೇಗೆ ಬಂದರು, ಮೊದಲ ಪೀರಿಯಡ್ಡಿಗೆ ಸಮಯಕ್ಕೆ ಸರಿಯಾಗಿ ಬಂದರೇ ಅಥವಾ ತಡವಾದರೇ ಎಂಬುದನ್ನು ಅವರಿಂದಲೇ ಎಣಿಸಿ ಬರೆಸಿದೆ.

ಬಸ್: ತಡ 18, ಸಮಯಕ್ಕೆ 30, ಒಟ್ಟು 48
ಮೆಟ್ರೋ: ತಡ 6, ಸಮಯಕ್ಕೆ 26, ಒಟ್ಟು 32
ಒಟ್ಟು: ತಡ 24, ಸಮಯಕ್ಕೆ 56, ಎಲ್ಲ ಸೇರಿ 80

ಕೋಷ್ಟಕವನ್ನು ತುಂಬುವುದರಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ‘ಆಯ್ಕೆ ಮಾಡಿದ ವಿದ್ಯಾರ್ಥಿ ಬಸ್ಸಿನಲ್ಲಿ ಬಂದಿದ್ದಾನೆಂದು ತಿಳಿದಿದೆ, ಅವನು ತಡವಾಗಿರುವ ಸಂಭವನೀಯತೆ ಎಷ್ಟು?’ ಎಂದು ಕೇಳಿದಾಗ ಅನೇಕರು 18/24 ಎಂದೂ, ಕೆಲವರು 18/80 ಎಂದೂ ಬರೆದರು. ಅಂಶದಲ್ಲಿ ಎಲ್ಲರೂ 18 ಅನ್ನೇ ಬರೆದಿದ್ದರು, ತಪ್ಪಿದ್ದೆಲ್ಲವೂ ಛೇದದಲ್ಲಿ.

ಎರಡನೆಯ ತೊಡಕು ಸ್ವತಂತ್ರ ಘಟನೆಗಳದ್ದು, ಅಂದರೆ ಒಂದು ನಡೆದದ್ದು ತಿಳಿದರೂ ಇನ್ನೊಂದರ ಸಂಭವನೀಯತೆ ಬದಲಾಗದ ಘಟನೆಗಳದ್ದು. ‘ಬಸ್’ ಮತ್ತು ‘ತಡ’ ಸ್ವತಂತ್ರವಾಗಿದ್ದರೆ ಮೊದಲ ಕೋಣೆಯಲ್ಲಿ 48 × 24 ÷ 80, ಅಂದರೆ 14.4 ಇರಬೇಕು ಎಂದು ಹೇಳಿದೆ. ಆಗ ಒಬ್ಬ ಹುಡುಗಿ, ‘ಮಿಸ್, 14.4 ಜನ ಇರುವುದಕ್ಕೇ ಸಾಧ್ಯವಿಲ್ಲವಲ್ಲ, ಹಾಗಾದರೆ ನಿಜವಾದ ಯಾವ ಎಣಿಕೆಯಲ್ಲೂ ಸ್ವಾತಂತ್ರ್ಯ ಸಿಗುವುದೇ ಇಲ್ಲವೇ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಇದರ ಮೇಲೆ, ಪರಸ್ಪರ ವರ್ಜಿತ (ಒಟ್ಟಿಗೆ ನಡೆಯಲಾರದ) ಘಟನೆಗಳೇ ಸ್ವತಂತ್ರ ಘಟನೆಗಳು ಎಂದು ನಂಬಿರುವವರೂ ತರಗತಿಯಲ್ಲಿದ್ದಾರೆ. ಅನುಭವಿಗಳು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಉಪನ್ಯಾಸಕ, ಮಲ್ಲೇಶ್ವರ

ಮೇಡಂ, ಛೇದದ ತಪ್ಪು ಲೆಕ್ಕದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಓದಿನಲ್ಲಿ ಹುಟ್ಟುತ್ತದೆ ಎಂಬುದು ನನ್ನ ಅನುಭವ. ಕನ್ನಡದಲ್ಲಿ ಯೋಚಿಸುವ ಹುಡುಗನಿಗೆ ಷರತ್ತು ಮೊದಲು ಬರುತ್ತದೆ: ‘ಬಸ್ಸಿನಲ್ಲಿ ಬಂದವರ ಪೈಕಿ ತಡವಾದವರು.’ ಆದರೆ ಪಿ(ಎ | ಬಿ) ಎಂಬ ಸಂಕೇತದಲ್ಲಿ ಷರತ್ತು ಗೆರೆಯ ಬಲಕ್ಕೆ, ಕೊನೆಯಲ್ಲಿ ಇದೆ. ಎಡದಿಂದ ಬಲಕ್ಕೆ ಓದುತ್ತ ಹೋದವನು ಮೊದಲು ಕಂಡ ‘ಎ’ಯನ್ನೇ ಷರತ್ತೆಂದು ತಿಳಿದರೆ ಅವನ ಬುದ್ಧಿಯನ್ನು ದೂರುವಂತಿಲ್ಲ, ಅವನು ತನ್ನ ಭಾಷೆಯ ಕ್ರಮವನ್ನೇ ಅನುಸರಿಸಿದ್ದಾನೆ. ಆದ್ದರಿಂದ ಈ ಸಂಕೇತವನ್ನು ಬಲದಿಂದ ಎಡಕ್ಕೆ, ‘ಬಿ ಪೈಕಿ ಎ’ ಎಂದು ಗಟ್ಟಿಯಾಗಿ ಓದಿಸುವುದನ್ನು ನಾನು ಹಲವು ವರ್ಷ ರೂಢಿಯಲ್ಲಿಟ್ಟುಕೊಂಡಿದ್ದೆ.

ಸೂತ್ರಕ್ಕೆ ಮುನ್ನ ಮೂರು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ‘ಬಸ್ಸಿನಲ್ಲಿ ಬಂದು ತಡವಾದವರು’ ಎಂದರೆ 80ರಲ್ಲಿ 18. ‘ಬಸ್ಸಿನಲ್ಲಿ ಬಂದವರ ಪೈಕಿ ತಡವಾದವರು’ ಎಂದರೆ 48ರಲ್ಲಿ 18. ‘ತಡವಾದವರ ಪೈಕಿ ಬಸ್ಸಿನಲ್ಲಿ ಬಂದವರು’ ಎಂದರೆ 24ರಲ್ಲಿ 18. ಅದೇ ಹದಿನೆಂಟು ಮಕ್ಕಳು ಮೂರು ಗುಂಪುಗಳ ಮುಂದೆ ನಿಂತಿದ್ದಾರೆ. ಬಳಿಕ ಒಂದು ರಟ್ಟಿನಿಂದ ಮೆಟ್ರೋದ ಅಡ್ಡಸಾಲನ್ನೂ ಒಟ್ಟಿನ ಅಡ್ಡಸಾಲನ್ನೂ ಮುಚ್ಚಿಬಿಡಿ. ಕಣ್ಣಿಗೆ ಕಾಣುವುದು 18, 30, 48 ಮಾತ್ರ. ಫಲಿತಗಣವು (ಸಾಧ್ಯವಿರುವ ಎಲ್ಲ ಫಲಿತಗಳ ಗಣವು) ಕುಗ್ಗಿತು ಎಂದು ಪುಸ್ತಕ ಹೇಳುವುದು ಇದನ್ನೇ. ‘ತಡ’ ಎಂಬ ಷರತ್ತಿಗೆ ರಟ್ಟನ್ನು ತಿರುಗಿಸಿ ‘ಸಮಯಕ್ಕೆ’ ಮತ್ತು ‘ಒಟ್ಟು’ ಎಂಬ ಕಂಬಸಾಲುಗಳನ್ನು ಮುಚ್ಚಬೇಕು. ರಟ್ಟು ಹಿಡಿಯುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಷರತ್ತನ್ನು ತಿರುಗಿಸಿದರೆ ಅರ್ಥ ಎಷ್ಟು ಬದಲಾಗುತ್ತದೆಂದು ತೋರಿಸಲು ನಾನು ಬಳಸುತ್ತಿದ್ದುದು 1912ರ ಟೈಟಾನಿಕ್ ದುರಂತದ ಎಣಿಕೆ. ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಬಳಕೆಯಲ್ಲಿರುವ ದತ್ತಾಂಶದ ಪ್ರಕಾರ ಹಡಗಿನಲ್ಲಿದ್ದವರು 2201, ಬದುಕಿದವರು 711. ಬದುಕಿದವರ ಪೈಕಿ ಅತಿ ದೊಡ್ಡ ಗುಂಪು ಹಡಗಿನ ಸಿಬ್ಬಂದಿಯದು: 212 ಮಂದಿ, ಮೊದಲ ದರ್ಜೆಯ 203 ಮಂದಿಗಿಂತಲೂ ಹೆಚ್ಚು. ಇಷ್ಟನ್ನೇ ಕೇಳಿದವರು ಸಿಬ್ಬಂದಿಯೇ ಹೆಚ್ಚು ಸುರಕ್ಷಿತರಾಗಿದ್ದರೆಂದು ಭಾವಿಸುತ್ತಾರೆ. ಆದರೆ ಸಿಬ್ಬಂದಿ ಇದ್ದದ್ದು 885, ಮೊದಲ ದರ್ಜೆಯವರು ಕೇವಲ 325. ಸಿಬ್ಬಂದಿಯ ಪೈಕಿ ಬದುಕಿದವರು ಶೇಕಡಾ 24ರಷ್ಟು, ಮೊದಲ ದರ್ಜೆಯವರ ಪೈಕಿ ಶೇಕಡಾ 62ಕ್ಕೂ ಹೆಚ್ಚು. ಈ ಲೆಕ್ಕವನ್ನು ಮಾಡಿ ಮುಗಿಸಿದಾಗ ತರಗತಿ ತುಸು ಹೊತ್ತು ಮೌನವಾಗುತ್ತಿತ್ತು. ಆ ಮೌನದಲ್ಲಿ ಅವರು ಛೇದವನ್ನು ಕುರಿತು ಯೋಚಿಸುತ್ತಿದ್ದರೆಂದೇ ನಾನು ನಂಬಿದ್ದೇನೆ.

ಉತ್ತರ 2: ಸಂಖ್ಯಾಶಾಸ್ತ್ರ ಅಧ್ಯಾಪಕ, ಜಯನಗರ

ಹಿರಿಯರು ಹೇಳಿದ ‘ಪೈಕಿ’ಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಆ ವಿದ್ಯಾರ್ಥಿನಿಯ 14.4ರ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಎರಡು ಬೇರೆ ಪ್ರಶ್ನೆಗಳು ಸೇರಿಕೊಂಡಿವೆ.

ಮೊದಲನೆಯದು ಈ 80 ಮಂದಿಯನ್ನಷ್ಟೇ ಕುರಿತದ್ದು. ಇವರಲ್ಲಿ ಒಬ್ಬರನ್ನು ಯಾದೃಚ್ಛಿಕವಾಗಿ ಆರಿಸಿದರೆ ‘ಬಸ್’ ಮತ್ತು ‘ತಡ’ ಸ್ವತಂತ್ರವೇ? ಅಲ್ಲ. ಎಲ್ಲರ ಪೈಕಿ ತಡವಾದವರು 24/80, ಅಂದರೆ 0.3. ಬಸ್ಸಿನವರ ಪೈಕಿ 0.375. ಮಾತ್ರವಲ್ಲ, 48 ಮತ್ತು 24 ಎಂಬ ಅಂಚಿನ ಮೊತ್ತಗಳಿರುವವರೆಗೆ ಒಳಗಿನ ಕೋಣೆಯನ್ನು ಹೇಗೆ ತುಂಬಿದರೂ ಸ್ವಾತಂತ್ರ್ಯ ಬರಲಾರದು, ಏಕೆಂದರೆ ಅಲ್ಲಿ ಪೂರ್ಣಾಂಕವೇ ಇರಬೇಕು. ಆ ಹುಡುಗಿ ಕಂಡದ್ದು ಸರಿಯಾಗಿದೆ, ದಯವಿಟ್ಟು ಅವಳಿಗೆ ಅದನ್ನು ತಿಳಿಸಿ. ಆದರೆ ‘ಯಾವ ಎಣಿಕೆಯಲ್ಲೂ’ ಎಂಬ ಮಾತು ನಿಲ್ಲುವುದಿಲ್ಲ. ಅದೇ 80 ಮಂದಿಯಲ್ಲಿ ಕನ್ನಡಕ ಧರಿಸಿದವರು ಬಸ್ಸಿನವರಲ್ಲಿ 18, ಮೆಟ್ರೋದವರಲ್ಲಿ 12 ಎಂದು ಊಹಿಸಿಕೊಳ್ಳಿ. 18/48, 12/32, 30/80 ಮೂರೂ 0.375 ಆಗುತ್ತವೆ. ಬಸ್ಸಿನವನೆಂದು ತಿಳಿದರೂ ಕನ್ನಡಕದ ಬಗ್ಗೆ ಹೊಸದೇನೂ ತಿಳಿಯಲಿಲ್ಲ. ಎರಡು ಅಡ್ಡಸಾಲುಗಳೂ ಒಂದೇ ಅನುಪಾತದಲ್ಲಿ, 3 : 5ರಲ್ಲಿ, ಒಡೆದಿರುವುದೇ ಸ್ವಾತಂತ್ರ್ಯದ ಗುರುತು. ಗುಣಾಕಾರದ ಸೂತ್ರವು ಈ ನೋಟದ ಬಳಿಕ ಬಂದರೆ ಸಾಕು.

ಎರಡನೆಯ ಪ್ರಶ್ನೆ ಈ 80 ಮಂದಿಯನ್ನು ಮೀರಿದ್ದು: ಬಸ್ಸಿಗೂ ತಡವಾಗುವುದಕ್ಕೂ ಸಾಮಾನ್ಯವಾಗಿ ಸಂಬಂಧವಿದೆಯೇ? ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದ ಕೈ-ಸ್ಕ್ವೇರ್ ಪರೀಕ್ಷೆ ಬೇಕಾಗುವುದು ಇಲ್ಲಿ: ಎಣಿಸಿದ ಸಂಖ್ಯೆಗಳು, ಸ್ವಾತಂತ್ರ್ಯವಿದ್ದರೆ ನಿರೀಕ್ಷಿಸುವ ಸಂಖ್ಯೆಗಳಿಂದ ಎಷ್ಟು ದೂರವಿವೆ ಎಂಬುದನ್ನು ಅದು ಅಳೆಯುತ್ತದೆ. ನಿರೀಕ್ಷಿತ ಸಂಖ್ಯೆಗಳು 14.4, 33.6, 9.6 ಮತ್ತು 22.4. ಪ್ರತಿ ಕೋಣೆಯಲ್ಲೂ ವ್ಯತ್ಯಾಸ 3.6. ಲೆಕ್ಕ ಹಾಕಿದರೆ ಬೆಲೆ ಸುಮಾರು 3.21 ಬರುತ್ತದೆ. ಶೇಕಡಾ 5ರ ಮಟ್ಟದಲ್ಲಿ (ಸಂಬಂಧವಿಲ್ಲದಿದ್ದರೂ ಆಕಸ್ಮಿಕವಾಗಿ ಗಡಿ ದಾಟುವ ಸಂಭವ ಶೇಕಡಾ 5 ಇರುವಂತೆ) ದಾಟಬೇಕಾದ ಗಡಿ 3.84. ಅಂದರೆ ಈ ತರಗತಿಯೊಳಗೆ ಅವಲಂಬನೆ ನಿಶ್ಚಿತವಾಗಿದ್ದರೂ, ಒಂದು ಸೋಮವಾರದ ಎಣಿಕೆಯಿಂದ ಬೆಂಗಳೂರಿನ ಬಸ್ಸುಗಳ ಬಗ್ಗೆ ತೀರ್ಪು ಕೊಡುವಷ್ಟು ಆಧಾರ ನಮ್ಮಲ್ಲಿಲ್ಲ. ಗಣಿತದ ತರಗತಿಯಲ್ಲಿ ಪರೀಕ್ಷೆಯನ್ನು ಕಲಿಸಬೇಕಿಲ್ಲ, ಆದರೆ ಪ್ರಶ್ನೆ ಎರಡು ಎಂಬುದನ್ನು ಹೇಳದೆ ಬಿಡಬಾರದು.

ಪರಸ್ಪರ ವರ್ಜಿತ ಘಟನೆಗಳ ಗೊಂದಲಕ್ಕೆ ನಿಮ್ಮ ಕೋಷ್ಟಕವೇ ಸಾಕು. ‘ಬಸ್’ ಮತ್ತು ‘ಮೆಟ್ರೋ’ ಒಟ್ಟಿಗೆ ಆಗಲಾರವು. ಒಬ್ಬನು ಬಸ್ಸಿನಲ್ಲಿ ಬಂದನೆಂದು ತಿಳಿದ ಕ್ಷಣದಲ್ಲೇ ಮೆಟ್ರೋದ ಸಂಭವನೀಯತೆ 0.4ರಿಂದ ಸೊನ್ನೆಗೆ ಇಳಿಯುತ್ತದೆ. ಒಂದರ ಸುದ್ದಿ ಇನ್ನೊಂದನ್ನು ಇಷ್ಟು ಬದಲಿಸುವಾಗ ಅವು ಸ್ವತಂತ್ರ ಹೇಗಾದಾವು?

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ವಾಕ್ಯಗಳನ್ನೂ ರಟ್ಟನ್ನೂ ನಿನ್ನೆ ಪ್ರಯೋಗಿಸಿದೆ. ಹಿಂದಿನ ವಾರ 18/24 ಎಂದು ಬರೆದಿದ್ದ ಹುಡುಗನೇ ಮುಂದೆ ಬಂದು ರಟ್ಟು ಹಿಡಿದು ತನ್ನ ಉತ್ತರವನ್ನು ತಿದ್ದಿಕೊಂಡ. 14.4ರ ವಿಷಯವನ್ನು ಆ ಹುಡುಗಿಗೆ ಹೇಳಿದಾಗ, ಅಂಚಿನ ಮೊತ್ತಗಳು ಎಷ್ಟಿದ್ದರೆ ಪೂರ್ಣಾಂಕ ಬರುತ್ತದೆಂದು ಅವಳು ಅಲ್ಲಿಯೇ ಹುಡುಕತೊಡಗಿದಳು.

ಬಳಿಕ ಅದೇ 80 ಮಂದಿಯನ್ನು ಹುಡುಗಿಯರು, ಹುಡುಗರು ಎಂದು ವಿಂಗಡಿಸಿ ಎಣಿಸಿದೆವು. 44 ಹುಡುಗಿಯರ ಪೈಕಿ ಬಸ್ಸಿನವರು 33, 36 ಹುಡುಗರ ಪೈಕಿ 15. ಅಂದರೆ 0.75 ಮತ್ತು ಸುಮಾರು 0.42. ಭಾಗಾಕಾರ ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ‘ಶಕ್ತಿ ಯೋಜನೆ, ಮಿಸ್’ ಎಂಬ ದನಿ ಬಂತು. 2023ರ ಜೂನ್ 11ರಿಂದ ಹುಡುಗಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ ಎಂಬುದು ಅವರೆಲ್ಲರಿಗೂ ಗೊತ್ತು. ಅದು ಸಂಭವನೀಯ ಕಾರಣವೆಂದು ಒಪ್ಪಿಕೊಂಡೆ, ಆದರೆ ಕೋಷ್ಟಕವು ಅನುಪಾತಗಳ ವ್ಯತ್ಯಾಸವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ ಎಂದೂ ತಿಳಿಸಿದೆ. ಹಾಗಾದರೆ ತಡವಾಗುವುದಕ್ಕೂ ಹುಡುಗಿ, ಹುಡುಗ ಎಂಬುದಕ್ಕೂ ಇರುವ ಸಂಬಂಧವನ್ನು ಬಸ್ಸಿನವರಲ್ಲಿ ಬೇರೆ, ಮೆಟ್ರೋದವರಲ್ಲಿ ಬೇರೆ ನೋಡಬೇಕಲ್ಲವೇ ಎಂದು ಅವರೇ ಕೇಳಿದ್ದಾರೆ. ಮುಂದಿನ ಸೋಮವಾರ ಮತ್ತೆ ಎಣಿಸುತ್ತೇವೆ.